ಶಿಶುವಿಹಾರದ ನೆಲದ ಧೂಳಿನಲ್ಲಿ ಸೀಸ: ಎಲ್ಲಿಂದ ಬರುತ್ತದೆ, ಹೇಗೆ ಅಳೆಯುವುದು, ಹೇಗೆ ತೆಗೆಯುವುದು

ಶಿಶುವಿಹಾರ ಮತ್ತು ಭಾರಲೋಹ ಎಂದಕೂಡಲೇ ಎಲ್ಲರ ಕಣ್ಣು ಮೊದಲು ಹೋಗುವುದು ಆಟಿಕೆಗಳ ಬುಟ್ಟಿಯ ಕಡೆಗೆ, ಆಮೇಲೆ ಕುಡಿಯುವ ನೀರಿನ ಕಡೆಗೆ. ಎರಡನ್ನೂ ನೋಡಲೇಬೇಕು. ಆದರೆ ಒಂದರಿಂದ ಮೂರು ವರ್ಷದ ಮಗುವಿನ ಮೈಗೆ ಸೀಸ ಸೇರುವ ದೊಡ್ಡ ದಾರಿ ನೆಲದ ಮೇಲಿನ ಧೂಳು. ಕಣ್ಣಿಗೆ ಸ್ವಚ್ಛವಾಗಿ ಕಾಣುವ ನೆಲದಲ್ಲೂ ಅದು ಇರಬಹುದು. ಮಗು ಅಂಬೆಗಾಲಿಡುತ್ತದೆ, ಅಂಗೈ ನೆಲಕ್ಕೆ ಒತ್ತುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ಇದು ದಿನಕ್ಕೆ ನೂರಾರು ಸಲ ನಡೆಯುವ ಸಹಜ ಕ್ರಿಯೆ. ಅದನ್ನು ತಡೆಯಲು ಆಗುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಸರಿಪಡಿಸಬೇಕಾದದ್ದು ನೆಲವನ್ನು.

ಒಂದು ಲೆಕ್ಕ ಮಾಡಿ ನೋಡೋಣ. ಅಮೆರಿಕದ ನಿಯಮದ ಪ್ರಕಾರ ಒಂದು ಚದರ ಸೆಂಟಿಮೀಟರ್ ಬಣ್ಣದಲ್ಲಿ 1 ಮಿಲಿಗ್ರಾಂ ಸೀಸವಿದ್ದರೆ ಅದು ‘ಸೀಸದ ಬಣ್ಣ’. ಹಳೆಯ ಕಿಟಕಿಯ ಚೌಕಟ್ಟಿನಿಂದ ಬೆರಳ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್‌ನಷ್ಟು ಇಂಥ ಬಣ್ಣದ ಚಕ್ಕೆ ಉದುರಿತು ಎನ್ನಿ. ಕಾಲಡಿಗೆ ಸಿಕ್ಕಿ ಪುಡಿಯಾಗಿ ಅದು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ಸಮವಾಗಿ ಹರಡಿತು. ಒಂದು ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. ನೂರು ಚದರ ಅಡಿಗೆ ಹಂಚಿದರೆ ಪ್ರತಿ ಚದರ ಅಡಿಗೆ 10 ಮೈಕ್ರೋಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ನಿಯಮ ನೆಲದ ಧೂಳಿಗೆ ಇಟ್ಟಿರುವ ಮಿತಿ ಚದರ ಅಡಿಗೆ 5 ಮೈಕ್ರೋಗ್ರಾಂ. ಉಗುರಿನಷ್ಟು ಚಕ್ಕೆ ಇಡೀ ಕೋಣೆಯನ್ನು ಮಿತಿಯ ಎರಡರಷ್ಟಕ್ಕೆ ಒಯ್ಯಲು ಸಾಕು. ಬಣ್ಣ ಕಿತ್ತುಬಂದ ಗೋಡೆಯನ್ನು ಸುಮ್ಮನೆ ಉಜ್ಜಿ ತೆಗೆಯುವ ಕೆಲಸ ಏಕೆ ಅಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಮಗುವಿನ ಮೈ ಸೀಸವನ್ನು ಏಕೆ ಹೆಚ್ಚು ಹೀರುತ್ತದೆ

ನುಂಗಿದ ಸೀಸದಲ್ಲಿ ವಯಸ್ಕರ ಕರುಳು ಸುಮಾರು ಶೇ. 10ರಷ್ಟನ್ನು ಹೀರಿಕೊಂಡರೆ, ಚಿಕ್ಕ ಮಗುವಿನ ಕರುಳು ಶೇ. 40ರಿಂದ 50ರಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ನಡೆಸಿಕೊಳ್ಳುತ್ತದೆ. ಎಲುಬಿನಲ್ಲಿ ಕೂಡಿಡುತ್ತದೆ, ನರಕೋಶಗಳ ನಡುವಿನ ಸಂಕೇತಗಳಲ್ಲಿ ಕ್ಯಾಲ್ಸಿಯಂ ಮಾಡಬೇಕಾದ ಕೆಲಸದ ಜಾಗಕ್ಕೆ ಅದನ್ನು ಬಿಡುತ್ತದೆ. ಕಬ್ಬಿಣದ ಕೊರತೆ ಇರುವ ಮಗುವಿನಲ್ಲಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಕಬ್ಬಿಣ ಸಾಲದಾದಾಗ ಕರುಳು ಅದನ್ನು ಹೀರುವ ವಾಹಕಗಳನ್ನು ಹೆಚ್ಚಿಸುತ್ತದೆ, ಆ ವಾಹಕಗಳ ಮೇಲೆ ಸೀಸವೂ ಸವಾರಿ ಮಾಡುತ್ತದೆ. ಹಸಿದ ಹೊಟ್ಟೆಯಲ್ಲಿ ಹೀರುವಿಕೆ ಗಣನೀಯವಾಗಿ ಹೆಚ್ಚು. ಹಾಗಾಗಿ ಮಕ್ಕಳು ಏನಾದರೂ ತಿಂದ ಮೇಲೆ ಅಂಗಳದ ಆಟಕ್ಕೆ ಹೋಗುವಂತೆ ವೇಳಾಪಟ್ಟಿ ಹಾಕುವುದು ಖರ್ಚಿಲ್ಲದ, ನಿಜವಾಗಿ ಉಪಯೋಗವಾಗುವ ಬದಲಾವಣೆ.

ರಕ್ತದಲ್ಲಿ ಸೀಸದ ಅರ್ಧಾಯುಷ್ಯ ಸುಮಾರು ಒಂದು ತಿಂಗಳು, ಎಲುಬಿನಲ್ಲಿ ದಶಕಗಳು. ರಕ್ತಪರೀಕ್ಷೆ ತೋರಿಸುವುದು ಹೆಚ್ಚಾಗಿ ಇತ್ತೀಚಿನ ವಾರಗಳ ಕಥೆಯನ್ನು.

ಸುರಕ್ಷಿತ ಮಟ್ಟ ಎಂಬುದು ಸೀಸಕ್ಕೆ ಇಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ವರದಿಯಲ್ಲಿ ‘ಮಿತಿಯೊಳಗಿದೆ’ ಎಂಬ ಸಾಲು ನೋಡಿ ನೆಮ್ಮದಿಯಾಗುವವರು ಬಹಳ ಜನ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಮಕ್ಕಳ ರಕ್ತಕ್ಕೆ ನಿಗದಿ ಮಾಡಿದ ಉಲ್ಲೇಖ ಮಟ್ಟ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಅದಕ್ಕೆ ಮೊದಲು ಅದು 5 ಇತ್ತು, ಇನ್ನೂ ಮೊದಲು 10. ಈ ಸಂಖ್ಯೆಗಳು ‘ಇಲ್ಲಿಯವರೆಗೆ ತೊಂದರೆಯಿಲ್ಲ’ ಎಂದು ಹೇಳುವುದಿಲ್ಲ, 3.5 ಎಂಬುದು ಆ ದೇಶದ ಮಕ್ಕಳಲ್ಲಿ ಅತಿ ಹೆಚ್ಚು ಸೀಸವಿರುವ ಶೇ. 2.5ರಷ್ಟು ಮಂದಿಯನ್ನು ಗುರುತಿಸುವ ಗೆರೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ 5 ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತೆಗೆಯಬೇಕು ಎನ್ನುತ್ತದೆ. ಏಳು ದೀರ್ಘಕಾಲೀನ ಅಧ್ಯಯನಗಳ 1,333 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ 2005ರ ವಿಶ್ಲೇಷಣೆಯಲ್ಲಿ ರಕ್ತದ ಸೀಸ 2.4ರಿಂದ 10ಕ್ಕೆ ಏರಿದಾಗ ಬುದ್ಧಿಮಾಪನ ಅಂಕ ಸರಾಸರಿ 3.9 ಇಳಿಯಿತು, 10ರಿಂದ 20ಕ್ಕೆ ಏರಿದಾಗ ಇನ್ನೂ 1.9 ಮಾತ್ರ. ಮೊದಲ ಕೆಲವು ಮೈಕ್ರೋಗ್ರಾಂಗಳೇ ಹೆಚ್ಚು ಕಸಿಯುತ್ತವೆ. ‘ಸ್ವಲ್ಪ ಇದ್ದರೆ ಪರವಾಗಿಲ್ಲ’ ಎಂಬ ವಾದ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಲಕ್ಷಣಗಳಿಗಾಗಿ ಕಾಯಬೇಡಿ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಕೊನೆಗೆ ಸೆಳವು, ಇವೆಲ್ಲ ಮಟ್ಟ ಬಹಳ ಏರಿದ ಮೇಲೆ ಬರುವಂಥವು. ಕಡಿಮೆ ಮಟ್ಟದಲ್ಲಿ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಗಮನ ನಿಲ್ಲದಿರುವುದು, ಸಿಡುಕು, ಮಾತು ತಡವಾಗುವುದು ಬೇರೆ ನೂರು ಕಾರಣಗಳಿಗೂ ಆಗಬಹುದಾದ್ದರಿಂದ ಯಾರಿಗೂ ಸೀಸ ನೆನಪಾಗುವುದಿಲ್ಲ.

ಕಟ್ಟಡದಲ್ಲಿ ಮೊದಲು ನೋಡಬೇಕಾದ ಜಾಗಗಳು

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಜೆ. ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು 1904ರಲ್ಲೇ ಮಕ್ಕಳ ಸೀಸ ವಿಷಕ್ಕೆ ಬಣ್ಣ ಹಚ್ಚಿದ ಕಂಬಿಗಳು ಮತ್ತು ಕೋಣೆಯ ಗೋಡೆಗಳು ಕಾರಣ ಎಂದು ಬರೆದರು. ಒಂದು ಶತಮಾನ ಕಳೆದರೂ ನೋಡಬೇಕಾದ ಜಾಗಗಳು ಬದಲಾಗಿಲ್ಲ.

ಒಂದಕ್ಕೊಂದು ಉಜ್ಜುವ ಭಾಗಗಳಿಂದ ಶುರುಮಾಡಿ. ಮೇಲೆ-ಕೆಳಗೆ ಅಥವಾ ಪಕ್ಕಕ್ಕೆ ಜಾರುವ ಕಿಟಕಿ, ಚೌಕಟ್ಟಿಗೆ ತಾಗುವ ಬಾಗಿಲಿನ ಅಂಚು, ಎಳೆಯುವ ಖಾನೆ. ಇಲ್ಲಿ ಬಣ್ಣ ಸುಲಿದಿರಬೇಕೆಂದೇನೂ ಇಲ್ಲ. ಪ್ರತಿ ಸಲ ತೆರೆದು ಮುಚ್ಚಿದಾಗ ಸಣ್ಣ ಪುಡಿ ಹುಟ್ಟುತ್ತದೆ. ಕಿಟಕಿಯ ಕೆಳಗಿನ ತೋಡಿನಲ್ಲಿ ಶೇಖರವಾಗುವ ಕೊಳೆಯಲ್ಲಿ ಸೀಸ ಅತಿ ಹೆಚ್ಚು ಸಿಗುವುದು ಇದೇ ಕಾರಣಕ್ಕೆ. ಅದರ ನಂತರ ಮಗುವಿನ ಹಲ್ಲಿಗೆ ಎಟುಕುವ ಅಂಚುಗಳು: ಕಿಟಕಿಯ ಹಲಗೆ, ಮೆಟ್ಟಿಲ ಕಂಬಿ, ತೊಟ್ಟಿಲ ಮೇಲ್ಪಟ್ಟಿ. ಕೊನೆಗೆ ತೇವ ಹಿಡಿದ ಗೋಡೆ. ಅಲ್ಲಿ ಬಣ್ಣ ಮಾತ್ರ ಬದಲಿಸಿದರೆ ಒಂದು ವರ್ಷದಲ್ಲಿ ಮತ್ತೆ ಉದುರುತ್ತದೆ. ನೀರು ಸೋರುವುದನ್ನು ಮೊದಲು ನಿಲ್ಲಿಸಬೇಕು.

ಹಳೆಯ ಕಟ್ಟಡ ಮಾತ್ರ ಅಪಾಯ ಎಂಬುದೂ ಸರಿಯಲ್ಲ. ಸೀಸವನ್ನು ಬಣ್ಣಕ್ಕೆ ಬೆರೆಸುವುದು ಮುಖ್ಯವಾಗಿ ಎರಡು ಕೆಲಸಕ್ಕೆ: ಗಾಢ ಹಳದಿ, ಕಿತ್ತಳೆ, ಕೆಂಪು ಬರಿಸುವ ಲೆಡ್ ಕ್ರೋಮೇಟ್‌ನಂಥ ವರ್ಣದ್ರವ್ಯಗಳಾಗಿ, ಮತ್ತು ಬೇಗ ಒಣಗಿಸುವ ವಸ್ತುವಾಗಿ. ಹಳದಿಗೆ ನೀಲಿ ಬೆರೆಸಿ ಮಾಡಿದ ಹಸಿರಿನಲ್ಲೂ ಇದು ಬರುತ್ತದೆ. ಎರಡೂ ಬಳಕೆ ಹೆಚ್ಚಾಗಿ ದ್ರಾವಕ ಆಧಾರಿತ ಎನಾಮೆಲ್ ಬಣ್ಣಗಳಲ್ಲಿ. ಶಿಶುವಿಹಾರದ ಜಾರುಬಂಡೆ, ಉಯ್ಯಾಲೆಯ ಕಂಬ, ಪುಟ್ಟ ಕುರ್ಚಿಗಳಿಗೆ ಹಚ್ಚುವುದು ಇಂಥ ಹೊಳೆಯುವ ಎನಾಮೆಲ್ ಬಣ್ಣವನ್ನೇ, ಅದೂ ಇವೇ ಬಣ್ಣಗಳನ್ನು ಎಂಬುದು ದುಃಖದ ಸಂಗತಿ. ಹೊಸ ಬಣ್ಣ ಕೊಳ್ಳುವಾಗ ಒಟ್ಟು ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಒಳಗಿದೆ ಎಂಬ ಪ್ರಯೋಗಾಲಯದ ವರದಿಯನ್ನು ಆಯಾ ಬಣ್ಣಕ್ಕೇ ಕೇಳಿ. ಬಿಳಿಯ ಮಾದರಿಗೆ ಬಂದ ವರದಿ ಹಳದಿಗೆ ಅನ್ವಯಿಸುವುದಿಲ್ಲ.

ಅಳೆಯುವುದು

ಧೂಳಿನ ಮಾದರಿ ತೆಗೆಯುವುದು ಕಷ್ಟದ ಕೆಲಸವಲ್ಲ, ಆದರೆ ಕ್ರಮ ತಪ್ಪಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಪ್ರಯೋಗಾಲಯವೇ ಒಪ್ಪುವ ಒದ್ದೆ ಒರೆಸುಬಟ್ಟೆ ಮತ್ತು ಮುಚ್ಚಳವಿರುವ ನಳಿಕೆ ತರಿಸಿಕೊಳ್ಳಿ. ಮಾರುಕಟ್ಟೆಯ ಕೆಲವು ಒದ್ದೆ ಬಟ್ಟೆಗಳು ಆಮ್ಲದಲ್ಲಿ ಪೂರ್ತಿ ಕರಗದೆ ಪರೀಕ್ಷೆಯನ್ನೇ ಕೆಡಿಸುತ್ತವೆ. ಮಕ್ಕಳು ಹೆಚ್ಚು ಹೊತ್ತು ಕೂರುವ ಜಾಗದಲ್ಲಿ ಟೇಪ್ ಹಚ್ಚಿ 30 ಸೆಂಟಿಮೀಟರ್ ಚೌಕ ಗುರುತಿಸಿ. ಹೊಸ ಕೈಗವಸು ಹಾಕಿ. ಬಟ್ಟೆಯನ್ನು ಒತ್ತಿಹಿಡಿದು ಎಡದಿಂದ ಬಲಕ್ಕೆ ಹಾವಿನ ನಡೆಯಂತೆ ಇಡೀ ಚೌಕ ಒರೆಸಿ. ಕೊಳೆಯಾದ ಬದಿ ಒಳಗೆ ಬರುವಂತೆ ಮಡಚಿ, ಈಗ ಮೇಲಿಂದ ಕೆಳಕ್ಕೆ ಹಾಗೆಯೇ ಒರೆಸಿ. ಮತ್ತೆ ಮಡಚಿ ಅಂಚು ಮೂಲೆಗಳನ್ನು ಒರೆಸಿ ನಳಿಕೆಗೆ ಹಾಕಿ. ಪ್ರತಿ ಮಾದರಿಗೂ ಕೈಗವಸು ಬದಲಿಸಿ. ಕಿಟಕಿಯ ಹಲಗೆಯಲ್ಲಿ ಚೌಕ ಹಿಡಿಸದು, ಒರೆಸಿದ ಜಾಗದ ಉದ್ದ-ಅಗಲ ಅಳೆದು ಬರೆಯಿರಿ. ಏನನ್ನೂ ಒರೆಸದ ಒಂದು ಖಾಲಿ ಬಟ್ಟೆಯನ್ನೂ ಕಳಿಸಿ, ಬಟ್ಟೆಯಲ್ಲೇ ಅಥವಾ ಕೈಗವಸಿನಲ್ಲೇ ಸೀಸವಿತ್ತೋ ಎಂದು ಅದರಿಂದ ತಿಳಿಯುತ್ತದೆ. ಒಂದು ಕೋಣೆಗೆ ಕನಿಷ್ಠ ಒಂದು ನೆಲದ್ದು, ಒಂದು ಕಿಟಕಿ ಹಲಗೆಯದ್ದು. ಪ್ರವೇಶದ್ವಾರದ ಒಳಬದಿಯ ನೆಲ ಮತ್ತು ಮಲಗುವ ಜಾಗವನ್ನು ಬಿಡಬೇಡಿ.

ವರದಿ ಕೆಲವೊಮ್ಮೆ ಚದರ ಅಡಿಗೆ, ಕೆಲವೊಮ್ಮೆ ಚದರ ಮೀಟರಿಗೆ ಬರುತ್ತದೆ. ಚದರ ಅಡಿಗೆ 10 ಎಂದರೆ ಚದರ ಮೀಟರಿಗೆ ಸುಮಾರು 108. ಏಕಮಾನ ಗಮನಿಸದೆ ಹೋಲಿಸಿ ಗಾಬರಿಯಾಗುವುದೂ, ಗಾಬರಿಯಾಗಬೇಕಾದಲ್ಲಿ ಸುಮ್ಮನಿರುವುದೂ ಎರಡೂ ನಡೆಯುತ್ತವೆ. ಮೇಲೆ ಹೇಳಿದ 2024ರ ನಿಯಮದಲ್ಲಿ ಕಿಟಕಿ ಹಲಗೆಗೆ ಚದರ ಅಡಿಗೆ 40, ಕಿಟಕಿಯ ತೋಡಿಗೆ 100 ಮೈಕ್ರೋಗ್ರಾಂ ಮಿತಿ.

ಬಣ್ಣ ಬದಲಾಗುವ ಸಿದ್ಧ ಪರೀಕ್ಷಾ ಕಡ್ಡಿಗಳು ದೊಡ್ಡ ಪ್ರಮಾಣದ ಸೀಸವನ್ನು ಹಿಡಿಯಬಹುದು, ಆದರೆ ಅವು ‘ಇಲ್ಲ’ ಎಂದಾಗ ನಂಬಬೇಡಿ. ಸೀಸದ ಪದರದ ಮೇಲೆ ಎರಡು ಪದರ ಹೊಸ ಬಣ್ಣವಿದ್ದರೆ ಕಡ್ಡಿಗೆ ಅದು ತಲುಪುವುದೇ ಇಲ್ಲ. ಕೆಂಪು ಬಣ್ಣದ ಮೇಲೆ ಕೆಂಪಾಗುವ ಕಡ್ಡಿ ಏನು ಹೇಳೀತು? ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರ ಗೋಡೆ ಕೆಡಿಸದೆ ಒಳಪದರಗಳನ್ನೂ ಓದುತ್ತದೆ. ಪರಿಣತರು ಅದನ್ನು ತಂದರೆ ಗೋಡೆಗೆ ಮಾತ್ರ ಹಿಡಿಸಿ ಕಳಿಸಬೇಡಿ. ಆಟಿಕೆಗಳು, ಕುರ್ಚಿ, ಅಂಗಳದ ಕಂಬಿ ಎಲ್ಲವನ್ನೂ ಅದೇ ದಿನ ಓದಿಸಿ.

ದುರಸ್ತಿ: ಹೆಚ್ಚು ಹಾನಿಯಾಗುವುದು ಇಲ್ಲೇ

ಗಟ್ಟಿಯಾಗಿ ಕೂತಿರುವ, ಉಜ್ಜದ, ಮಗು ಕಚ್ಚಲಾಗದ ಹಳೆಯ ಬಣ್ಣವನ್ನು ಹಾಗೆಯೇ ಬಿಟ್ಟು ಗಮನಿಸುತ್ತಿರುವುದು ಅನೇಕ ಸಲ ಸರಿಯಾದ ನಿರ್ಧಾರ. ರಜೆಯಲ್ಲಿ ಉತ್ಸಾಹದಿಂದ ಗೋಡೆಗಳನ್ನೆಲ್ಲ ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಿ, ಹೊಸ ಬಣ್ಣ ಬಳಿದು, ಪೊರಕೆಯಿಂದ ಗುಡಿಸಿ ಮಕ್ಕಳನ್ನು ಒಳಗೆ ಬಿಟ್ಟರೆ ಕಟ್ಟಡ ಚೆಂದ ಕಾಣುತ್ತದೆ, ಧೂಳಿನ ಸೀಸ ಮಾತ್ರ ಮೊದಲಿಗಿಂತ ಹತ್ತಾರು ಪಟ್ಟು ಏರಿರಬಹುದು.

ಮೂರು ಕೆಲಸ ಯಾವ ಕಾರಣಕ್ಕೂ ಕೂಡದು: ಬಣ್ಣವನ್ನು ಬೆಂಕಿಯಿಂದ ಸುಡುವುದು, ಧೂಳು ಹೀರುವ ಹೆಪಾ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಶೋಧಕ) ಜೋಡಣೆಯಿಲ್ಲದೆ ಯಂತ್ರದಿಂದ ಉಜ್ಜುವುದು, ಸುಮಾರು 590 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಗಾಳಿ ಯಂತ್ರ ಬಳಸುವುದು. ಮೊದಲನೆಯದು ಮತ್ತು ಕೊನೆಯದು ಸೀಸವನ್ನು ಹೊಗೆಯಾಗಿಸುತ್ತವೆ. ಆ ಹೊಗೆ ತಣಿದು ಅತಿ ಸಣ್ಣ ಕಣಗಳಾಗಿ ಕೂರುತ್ತದೆ, ಅವನ್ನು ತೆಗೆಯುವುದು ಬಲು ಕಷ್ಟ.

ಮಾಡಬೇಕಾದ ಕ್ರಮ ಹೀಗಿದೆ. ಮಕ್ಕಳು ಮತ್ತು ಗರ್ಭಿಣಿಯರು ಆ ಕೋಣೆಯಲ್ಲಷ್ಟೇ ಅಲ್ಲ, ಆ ಭಾಗದಲ್ಲೇ ಇರಬಾರದು. ಹಾಸಿಗೆ, ಆಟಿಕೆ, ಪರದೆ, ಜಮಖಾನೆ ಹೊರಗೆ ಹೋಗಲಿ. ಗಾಳಿಯಾಡಿಸುವ ಯಂತ್ರಗಳನ್ನು ನಿಲ್ಲಿಸಿ, ಅವುಗಳ ಬಾಯಿ ಮುಚ್ಚಿ. ಕೆಲಸದ ಜಾಗದಿಂದ ಎಲ್ಲ ಬದಿಗೂ ಕನಿಷ್ಠ ಆರು ಅಡಿ, ಹೊರಗೋಡೆಯಾದರೆ ಹತ್ತು ಅಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚುಗಳಿಗೆ ಟೇಪ್ ಹಚ್ಚಿ. ಬಣ್ಣಕ್ಕೆ ನೀರು ಸಿಂಪಡಿಸಿ ತೇವವಾಗಿರುವಾಗಲೇ ಕೆರೆಯಿರಿ. ಒಣಗಿದರೆ ಮತ್ತೆ ಸಿಂಪಡಿಸಿ. ವಿದ್ಯುತ್ ಸ್ವಿಚ್ಚುಗಳ ಸುತ್ತ ಮಾತ್ರ ನೀರು ಬೇಡ. ಹಲಗೆ ಕೀಳುವ ಮೊದಲು ಅದರ ಅಂಚಿನ ಬಣ್ಣವನ್ನು ಚೂರಿಯಿಂದ ಗೀರಿದರೆ ಚಕ್ಕೆಗಳು ಸಿಡಿಯುವುದಿಲ್ಲ. ಉಜ್ಜುವ ಕಿಟಕಿಗಳಿಗೆ ಮೇಲಿಂದ ಬಣ್ಣ ಬಳಿಯುವುದು ಪರಿಹಾರವಲ್ಲ. ಕೆಲವೇ ತಿಂಗಳಲ್ಲಿ ಸವೆದು ಹಳೆಯ ಪದರ ತೆರೆದುಕೊಳ್ಳುತ್ತದೆ. ಅಂಥ ಕಿಟಕಿ ಬದಲಿಸುವುದೇ ಸರಿ. ಹಣ ಸೀಮಿತವಾಗಿದ್ದರೆ ಗೋಡೆ ಬಿಟ್ಟು ಅದನ್ನು ಕಿಟಕಿಗೇ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆಗೂ ನೀರು ಸಿಂಪಡಿಸಿ, ಕೊಳೆ ಒಳಗಾಗುವಂತೆ ಮಡಚಿ ಕಟ್ಟಿ. ಮೇಲಿಂದ ಕೆಳಕ್ಕೆ ಹೆಪಾ ನಿರ್ವಾತ ಯಂತ್ರ, ನಂತರ ಸಾಬೂನು ನೀರಿನಿಂದ ತೊಳೆ, ಒಣಗಿದ ಮೇಲೆ ಮತ್ತೆ ಹೆಪಾ. 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವ ಶೋಧಕವೇ ಹೆಪಾ. ಸಾಮಾನ್ಯ ನಿರ್ವಾತ ಯಂತ್ರ ಸಣ್ಣ ಕಣಗಳನ್ನು ಹಿಂದಿನಿಂದ ಗಾಳಿಗೆ ಉಗುಳುತ್ತದೆ. ಶುಚಿಗೊಳಿಸಿ ಕನಿಷ್ಠ ಒಂದು ಗಂಟೆ ಬಿಟ್ಟು, ತೇಲುವ ಧೂಳು ಕೂತ ಮೇಲೆ ಮಾದರಿ ತೆಗೆಯಿರಿ. ವರದಿ ಬರುವವರೆಗೆ ಬಾಗಿಲು ಮುಚ್ಚಿರಲಿ. ಗುತ್ತಿಗೆದಾರರಿಗೆ ಕೊನೆಯ ಕಂತು ಈ ವರದಿಯ ಮೇಲೆ ಎಂದು ಒಪ್ಪಂದದಲ್ಲೇ ಬರೆಸಿದರೆ ಕೆಲಸದ ರೀತಿಯೇ ಬದಲಾಗುತ್ತದೆ.

ದಿನದ ಶುಚಿ

ಒಣ ಪೊರಕೆ ಬೇಡ. ಒದ್ದೆ ಬಟ್ಟೆ ಅಥವಾ ಮಾಪು, ಎರಡು ಬಕೆಟ್: ಒಂದರಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಕೊಳೆ ಹಿಂಡುವ ನೀರು. ಒಂದೇ ಬಕೆಟ್ ಬಳಸಿದರೆ ಮೊದಲ ಕೋಣೆಯ ಸೀಸವನ್ನು ಕೊನೆಯ ಕೋಣೆಗೆ ಸಮವಾಗಿ ಬಳಿದಂತಾಗುತ್ತದೆ. ಕೋಣೆಗೊಮ್ಮೆ ನೀರು ಬದಲಿಸಿ, ಆ ನೀರನ್ನು ಶೌಚದ ಗುಂಡಿಗೆ ಸುರಿಯಿರಿ. ಅಂಗಳಕ್ಕೆ ಚೆಲ್ಲಬೇಡಿ, ಕೈ ತೊಳೆಯುವ ತೊಟ್ಟಿಗೂ ಬೇಡ. ಕಿಟಕಿ ಹಲಗೆಯನ್ನು ನೆಲದಷ್ಟೇ ಶ್ರದ್ಧೆಯಿಂದ ಒರೆಸಿ.

ಬಾಗಿಲಲ್ಲೇ ಚಪ್ಪಲಿ ಬಿಡಿಸುವುದು, ಹೊರಗೊಂದು ಒಳಗೊಂದು ಕಾಲೊರಸು ಇಡುವುದು ಹೊರಗಿನ ಮಣ್ಣನ್ನು ತಡೆಯುತ್ತದೆ. ಉದ್ದ ಎಳೆಯ ಹಳೆಯ ಜಮಖಾನೆಯನ್ನು ಶುಚಿ ಮಾಡುವುದಕ್ಕಿಂತ ತೆಗೆದುಹಾಕುವುದು ಸುಲಭ. ಊಟಕ್ಕೆ, ನಿದ್ದೆಗೆ ಮೊದಲು ಮತ್ತು ಅಂಗಳದಿಂದ ಬಂದ ಕೂಡಲೇ ಮಕ್ಕಳ ಕೈಯನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ತೊಳೆಸಿ. ಆಲ್ಕೊಹಾಲ್ ಜೆಲ್ ರೋಗಾಣುಗಳನ್ನು ಕೊಲ್ಲಬಹುದು, ಲೋಹವನ್ನು ಕೊಲ್ಲಲಾಗದು. ಅದು ಸೀಸವನ್ನು ಕೈಯ ಮೇಲೆ ಹರಡುತ್ತದೆ ಅಷ್ಟೆ.

ಅಂಗಳ

ಸೀಸ ಬೆರೆತ ಪೆಟ್ರೋಲ್ ಜಗತ್ತಿನಲ್ಲಿ ಕೊನೆಯದಾಗಿ ನಿಂತದ್ದು 2021ರಲ್ಲಿ, ಅಲ್ಜೀರಿಯಾದಲ್ಲಿ. ಆದರೆ ಹೊಗೆಯಿಂದ ಮಣ್ಣಿಗೆ ಬಿದ್ದ ಸೀಸ ಕೊಳೆಯುವುದಿಲ್ಲ, ಮೇಲಿನ ಕೆಲವು ಸೆಂಟಿಮೀಟರ್‌ಗಳಲ್ಲೇ ಕೂತಿರುತ್ತದೆ. ಹಳೆಯ ರಸ್ತೆಯ ಬದಿ, ಬಣ್ಣ ಉದುರುವ ಹೊರಗೋಡೆಯ ಬುಡದ ಒಂದು ಮೀಟರ್, ಹಿಂದೆ ಬ್ಯಾಟರಿ ಒಡೆಯುತ್ತಿದ್ದ ಅಥವಾ ಲೋಹ ಕರಗಿಸುತ್ತಿದ್ದ ಜಾಗ, ಇವು ಮೂರು ಮುಖ್ಯ. ಆಟದ ಜಾಗ ಮತ್ತು ಗೋಡೆಯ ಬುಡವನ್ನು ಬೇರೆ ಬೇರೆ ಮಾದರಿಗಳಾಗಿ ತೆಗೆಯಿರಿ. ಪ್ರತಿಯೊಂದಕ್ಕೂ ಐದರಿಂದ ಹತ್ತು ಕಡೆ ಮೇಲಿನ ಎರಡೂವರೆ ಸೆಂಟಿಮೀಟರ್ ಮಣ್ಣು ಮಾತ್ರ ಕೆರೆದು ಬೆರೆಸಿ. ಒಂದು ಅಡಿ ಆಳ ಅಗೆದು ಬೆರೆಸಿದರೆ ಅಡಿಯ ಶುದ್ಧ ಮಣ್ಣು ಸೇರಿ ಅಂಕಿ ಸುಳ್ಳಾಗಿ ಇಳಿಯುತ್ತದೆ.

ಅಮೆರಿಕ 2001ರಲ್ಲಿ ಮಕ್ಕಳ ಆಟದ ಮಣ್ಣಿಗೆ 400 ಪಿಪಿಎಂ ಮಿತಿ ಇಟ್ಟಿತ್ತು. 2024ರಲ್ಲಿ ವಾಸಪ್ರದೇಶದ ಮಣ್ಣಿನ ತಪಾಸಣಾ ಮಟ್ಟವನ್ನು 200ಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾದ ತಪಾಸಣಾ ಮಟ್ಟ 80. ಚಿಕ್ಕ ಮಕ್ಕಳ ಜಾಗಕ್ಕೆ ನಾನು ಕೊನೆಯದನ್ನೇ ಗುರಿಯಾಗಿಡುತ್ತೇನೆ. ಹೆಚ್ಚು ಬಂದರೆ ಗಾಬರಿಯಿಂದ ಅಗೆಯಬೇಡಿ. ಬರಿ ಮಣ್ಣು ಕಾಣದಂತೆ ಮುಚ್ಚುವುದೇ ಮೊದಲ ಹೆಜ್ಜೆ: ನೀರಿಳಿಯುವ ಜವಳಿ ಹಾಳೆ ಹಾಸಿ, ಅದರ ಮೇಲೆ ಪರೀಕ್ಷಿಸಿದ ಮಣ್ಣು ಕನಿಷ್ಠ 15 ಸೆಂಟಿಮೀಟರ್, ಅದರ ಮೇಲೆ ದಟ್ಟ ಹುಲ್ಲು. ಉಯ್ಯಾಲೆಯ ಕೆಳಗೆ ಹುಲ್ಲು ನಿಲ್ಲದು, ಅಲ್ಲಿ ಮರದ ಚೂರು ಅಥವಾ ರಬ್ಬರ್ ಹಾಸು ಬೇಕು. ಮರಳುಗುಂಡಿಗೆ ತಳದ ಹಾಳೆ ಮತ್ತು ಮುಚ್ಚಳ ಇರಲಿ.

ಹಸಿರು ಛಾಯೆಯ ಹಳೆಯ ಮರದ ಆಟದ ಸಾಧನಗಳಿದ್ದರೆ ಆರ್ಸೆನಿಕ್ ಎಂಬ ಇನ್ನೊಂದು ವಿಷವಸ್ತು ನೆನಪಿರಲಿ. ಗೆದ್ದಲು ಬಾರದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರಕೆಯಲ್ಲಿ ನೆನೆಸಿದ ಮರವನ್ನು ಅಮೆರಿಕದಲ್ಲಿ ಮನೆ ಮತ್ತು ಆಟದ ಮೈದಾನದ ಬಳಕೆಗೆ ತಯಾರಿಸುವುದು 2003ರ ಕೊನೆಗೆ ನಿಂತಿತು, ಆದರೆ ಹಳೆಯ ಮರ ಎಷ್ಟೋ ಕಡೆ ಉಳಿದಿದೆ. ಆರ್ಸೆನಿಕ್ ಮೇಲ್ಮೈಗೆ ಬಂದು ಕೈಗೆ ಹತ್ತುತ್ತದೆ, ಮಳೆಗೆ ಅಡಿಯ ಮಣ್ಣಿಗಿಳಿಯುತ್ತದೆ. ಅದನ್ನು ಉಜ್ಜಬೇಡಿ, ಎಂದಿಗೂ ಸುಡಬೇಡಿ. ತೆಗೆಯುವವರೆಗೆ ಒಳಹೊಗುವ ಎಣ್ಣೆ ಲೇಪನವನ್ನು ವರ್ಷಕ್ಕೊಮ್ಮೆ ಹಚ್ಚಿ.

ನೀರು

ಸೀಸ ಸಾಮಾನ್ಯವಾಗಿ ನೀರಿನ ಮೂಲದಲ್ಲಿರುವುದಿಲ್ಲ. ಕೊಳವೆ, ಬೆಸುಗೆ, ಹಿತ್ತಾಳೆಯ ನಲ್ಲಿಗಳಿಂದ ಕರಗಿ ಬರುತ್ತದೆ. ಆದ್ದರಿಂದ ಒಂದು ನಲ್ಲಿಯ ವರದಿ ಪಕ್ಕದ ನಲ್ಲಿಗೆ ಹೊಂದುವುದಿಲ್ಲ. ಮಕ್ಕಳು ಕುಡಿಯುವ, ಅಡುಗೆಗೆ ಹಿಡಿಯುವ ಪ್ರತಿ ನಲ್ಲಿಯನ್ನೂ ಪರೀಕ್ಷಿಸಬೇಕು. ನೀರು 8ರಿಂದ 18 ಗಂಟೆ ನಿಂತಿರಬೇಕು. ಬೆಳಿಗ್ಗೆ ಯಾರೂ ಮುಟ್ಟುವ ಮೊದಲು, ನಲ್ಲಿಯ ತುದಿಯ ಜಾಲರಿ ಬಿಚ್ಚದೆ, ಮೊದಲ 250 ಮಿಲಿಲೀಟರನ್ನು ಅಗಲ ಬಾಯಿಯ ಸೀಸೆಗೆ ಹಿಡಿಯಿರಿ. ನಂತರ 30 ಸೆಕೆಂಡು ಹರಿಯಬಿಟ್ಟು ಎರಡನೆಯದು. ಮೊದಲನೆಯದು ಮಾತ್ರ ಹೆಚ್ಚಿದ್ದರೆ ದೋಷ ನಲ್ಲಿಯಲ್ಲೇ. ಎರಡೂ ಹೆಚ್ಚಿದ್ದರೆ ಒಳಗಿನ ಕೊಳವೆ ಅಥವಾ ಹೊರಗಿನ ಸಂಪರ್ಕ. ರಜೆಯ ಮರುದಿನದ ಮಾದರಿ ಬೇಡ, ನೀರು ಹೆಚ್ಚು ಹೊತ್ತು ನಿಂತು ದಿನನಿತ್ಯದ ಚಿತ್ರ ಕೊಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಸೀಸಕ್ಕೂ ಆರ್ಸೆನಿಕ್‌ಗೂ ಲೀಟರಿಗೆ 10 ಮೈಕ್ರೋಗ್ರಾಂ, ಕ್ಯಾಡ್ಮಿಯಂ ಎಂಬ ಇನ್ನೊಂದು ಭಾರಲೋಹಕ್ಕೆ 3. ಕುದಿಸುವುದರಿಂದ ಲೋಹ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಸಾಂದ್ರತೆ ಏರುತ್ತದೆ. ಬಿಸಿನೀರಿನ ನಲ್ಲಿಯಿಂದ ಹಾಲಿನ ಪುಡಿ ಕಲಸಬೇಡಿ, ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತದೆ. ಶೋಧಕ ಕೊಳ್ಳುವುದಾದರೆ ಸೀಸ ತೆಗೆಯುತ್ತದೆಂದು ಪ್ರಮಾಣೀಕರಿಸಿದ್ದನ್ನೇ ಕೊಳ್ಳಿ, ಎನ್‌ಎಸ್‌ಎಫ್ 53 ಅಂಥ ಒಂದು ಮಾನದಂಡ. ಒಳಗಿನ ಕಾರ್ಟ್ರಿಜ್ ಬದಲಿಸುವ ದಿನಾಂಕವನ್ನು ಅದರ ಮೇಲೆಯೇ ಬರೆದಂಟಿಸಿ. ನಲ್ಲಿಯ ಜಾಲರಿಯಲ್ಲಿ ಸೀಸದ ಕಣಗಳು ಸಿಕ್ಕಿಕೊಳ್ಳುವುದರಿಂದ ಮಾದರಿ ತೆಗೆದಾದ ಮೇಲೆ ಅದನ್ನು ನಿಯಮಿತವಾಗಿ ಬಿಚ್ಚಿ ತೊಳೆಯಿರಿ.

ಆಟಿಕೆಗಳು

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಮನೆ, ಶಿಶುವಿಹಾರ ಮತ್ತು ಹಳೆಯ ಸಾಮಾನು ಮಾರುವ ಮಳಿಗೆಗಳಿಂದ 200 ಬಳಸಿದ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಕ್ಯಾಡ್ಮಿಯಂ ಮತ್ತು ಸೀಸ ಮುಖ್ಯವಾಗಿ ಹಳದಿ, ಕೆಂಪು ಮತ್ತು ಕಪ್ಪು ಪ್ಲಾಸ್ಟಿಕ್‌ಗಳಲ್ಲಿ ಕಂಡುಬಂದವು. ದಾನವಾಗಿ ಬಂದ, ಹಳೆಯ, ಗಾಢ ಬಣ್ಣದ, ಮೇಲ್ಮೈ ಪುಡಿಪುಡಿಯಾಗುತ್ತಿರುವ ಆಟಿಕೆಗಳನ್ನು ಪ್ರೀತಿಯಿಂದ ಕೊಟ್ಟರೂ ಬಳಕೆಗೆ ಇಡಬೇಡಿ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುವ ಲೋಹ. ಅಗ್ಗದ ಲೋಹದ ಪದಕ, ಸರದ ತುಂಡುಗಳಂತೂ ಬುಟ್ಟಿಯಲ್ಲಿ ಇರಲೇಬಾರದು: 2006ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ನಾಲ್ಕು ವರ್ಷದ ಮಗುವೊಂದು ಬಹುತೇಕ ಸೀಸದಿಂದಲೇ ಮಾಡಿದ ಪುಟ್ಟ ಪದಕ ನುಂಗಿ ತೀರಿಕೊಂಡಿತು. ಹೊಟ್ಟೆಯ ಆಮ್ಲದಲ್ಲಿ ಉಳಿದ ಸೀಸ ಗಂಟೆಗಳಲ್ಲೇ ಕರಗತೊಡಗುತ್ತದೆ. ಮಗು ಲೋಹದ ವಸ್ತು ನುಂಗಿದರೆ ‘ತಾನೇ ಹೊರಬರುತ್ತದೆ’ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಪಾದರಸ

2006ರಲ್ಲಿ ನ್ಯೂಜೆರ್ಸಿಯ ಫ್ರಾಂಕ್ಲಿನ್ ಟೌನ್‌ಶಿಪ್‌ನಲ್ಲಿ ಒಂದು ಶಿಶುಪಾಲನಾ ಕೇಂದ್ರವನ್ನು ಮುಚ್ಚಬೇಕಾಯಿತು. ಆ ಕಟ್ಟಡ ಹಿಂದೆ ಪಾದರಸದ ಥರ್ಮಾಮೀಟರ್ ಕಾರ್ಖಾನೆಯಾಗಿತ್ತು, ನೆಲ-ಗೋಡೆಗಳಲ್ಲಿ ಉಳಿದ ಪಾದರಸ ಆವಿಯಾಗಿ ಮಕ್ಕಳ ಉಸಿರಿಗೆ ಸೇರುತ್ತಿತ್ತು. ಅದಾದ ಮೇಲೆ ಆ ರಾಜ್ಯ ಶಿಶುಪಾಲನಾ ಕೇಂದ್ರಗಳ ಕಟ್ಟಡಗಳಿಗೆ ಪರಿಸರ ಪರಿಶೀಲನೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿತು. ಬಾಡಿಗೆಗೆ ಕಟ್ಟಡ ಹಿಡಿಯುವ ಮೊದಲು ಅಲ್ಲಿ ಹಿಂದೆ ಏನು ನಡೆಯುತ್ತಿತ್ತು ಎಂದು ದಾಖಲೆ ನೋಡಿ ತಿಳಿಯುವುದು ಯಾವ ಪ್ರಯೋಗಾಲಯದ ಪರೀಕ್ಷೆಗಿಂತಲೂ ಮೊದಲು ಆಗಬೇಕಾದ ಕೆಲಸ.

ಗಾಜಿನ ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಒಳಬಾಗಿಲು ಮುಚ್ಚಿ, ಹೊರಕಿಟಕಿ ತೆರೆಯಿರಿ. ಪೊರಕೆ, ನಿರ್ವಾತ ಯಂತ್ರ ಎರಡೂ ಬೇಡ. ಪೊರಕೆ ಹನಿಯನ್ನು ಚೂರು ಮಾಡುತ್ತದೆ, ಯಂತ್ರ ಆವಿ ಮಾಡುತ್ತದೆ. ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟು ಸೇರಿಸಿ, ಡ್ರಾಪರಿನಿಂದ ಹೀರಿ, ಉಳಿದ ಚೂರುಗಳನ್ನು ಅಂಟುಪಟ್ಟಿಗೆ ಹತ್ತಿಸಿ, ಎಲ್ಲವನ್ನೂ ಬಿಗಿಮುಚ್ಚಳದ ಡಬ್ಬಿಗೆ ಹಾಕಿ ಅಪಾಯಕಾರಿ ತ್ಯಾಜ್ಯಕ್ಕೆ ಕೊಡಿ. ಟಾರ್ಚನ್ನು ನೆಲಮಟ್ಟದಲ್ಲಿ ಓರೆಯಾಗಿ ಹಿಡಿದರೆ ಉಳಿದ ಹನಿಗಳು ಹೊಳೆಯುತ್ತವೆ.

ರಕ್ತಪರೀಕ್ಷೆ ಮತ್ತು ಆಮೇಲೆ

ಸೀಸದ ಮಟ್ಟ ಸಾಮಾನ್ಯವಾಗಿ ಶಿಖರ ಮುಟ್ಟುವುದು ಒಂದೂವರೆಯಿಂದ ಎರಡು ವರ್ಷದ ವಯಸ್ಸಿನಲ್ಲಿ. ಬೆರಳ ತುದಿಯಿಂದ ತೆಗೆದ ರಕ್ತ ಸುಲಭ, ಆದರೆ ಚರ್ಮದ ಮೇಲಿನ ಧೂಳೇ ಮಾದರಿಗೆ ಸೇರಿ ಅಂಕಿ ಏರಬಹುದು. ಕೈ ಚೆನ್ನಾಗಿ ತೊಳೆಸಿಯೇ ಚುಚ್ಚಬೇಕು, ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ದೃಢಪಡಿಸಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇದಕ್ಕೆ ಕೊಡುವ ಕಾಲಮಿತಿ (ಮಟ್ಟಗಳು ಡೆಸಿಲೀಟರಿಗೆ ಮೈಕ್ರೋಗ್ರಾಂಗಳಲ್ಲಿ): 3.5ರಿಂದ 9ರವರೆಗೆ ಮೂರು ತಿಂಗಳೊಳಗೆ, 10ರಿಂದ 19ಕ್ಕೆ ಒಂದು ತಿಂಗಳು, 20ರಿಂದ 44ಕ್ಕೆ ಎರಡು ವಾರ, 45 ದಾಟಿದರೆ 48 ಗಂಟೆ. ಕೂದಲಿನ ಪರೀಕ್ಷೆಗೆ ಹಣ ಹಾಕಬೇಡಿ, ಹೊರಗಿನ ಧೂಳಿನಿಂದ ಅದು ಕೆಡುತ್ತದೆ.

ಸೀಸವನ್ನು ಹಿಡಿದು ಹೊರಹಾಕುವ ಔಷಧವನ್ನು ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವುದು 45 ಮತ್ತು ಅದಕ್ಕಿಂತ ಮೇಲೆ. ಅದಕ್ಕಿಂತ ಕೆಳಗೆ ಅದರಿಂದ ಬುದ್ಧಿಗೆ ಲಾಭವಾಗುತ್ತದೆಯೇ ಎಂದು 780 ಮಕ್ಕಳಲ್ಲಿ ಪರೀಕ್ಷಿಸಲಾಯಿತು. ಅವರ ಮಟ್ಟ 20ರಿಂದ 44ರ ನಡುವೆ ಇತ್ತು. 2001ರಲ್ಲಿ ಬಂದ ಫಲಿತಾಂಶ: ರಕ್ತದ ಸೀಸ ಇಳಿಯಿತು, ಕಲಿಕೆ ಮತ್ತು ನಡವಳಿಕೆಯ ಅಂಕಗಳು ಸುಧಾರಿಸಲಿಲ್ಲ. ಹಾನಿಯಾದ ಮೇಲೆ ಔಷಧದಿಂದ ಹಿಂದೆ ತರಲಾಗದು. ‘ಸೀಸ ತೆಗೆಯುವ’ ಪುಡಿ, ಕಷಾಯ, ಪೂರಕಗಳನ್ನು ಮಾರುವವರನ್ನು ದೂರವಿಡಿ. ಕಬ್ಬಿಣದ ಕೊರತೆ ಇದೆಯೇ ಎಂದು ನೋಡಿ ಸರಿಪಡಿಸುವುದು, ಕ್ಯಾಲ್ಸಿಯಂ ಸಾಕಷ್ಟು ಸಿಗುವಂತೆ ಮಾಡುವುದು ಮಾತ್ರ ಅರ್ಥವಿರುವ ಕ್ರಮಗಳು.

ಒಂದು ಮಗುವಿನದು ಮಾತ್ರ ಹೆಚ್ಚಿದ್ದರೆ ಮನೆಯ ಕಡೆಯೂ ಕೇಳಿ: ಪೋಷಕರು ಬ್ಯಾಟರಿ, ಬೆಸುಗೆ, ಬಣ್ಣ, ಲೋಹ ಕರಗಿಸುವ ಕೆಲಸದಲ್ಲಿದ್ದು ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆಯೇ? ಒಂದೇ ಕೋಣೆಯ ಇಬ್ಬರದು ಹೆಚ್ಚಿದ್ದರೆ ಆ ಕೋಣೆಯ ಎಲ್ಲ ಮಕ್ಕಳನ್ನೂ, ಸಿಬ್ಬಂದಿಯಲ್ಲಿ ಗರ್ಭಿಣಿಯರನ್ನೂ ಪರೀಕ್ಷಿಸಿ. ಆಗ ಎಲ್ಲರಿಗೂ ಮೊದಲು ಮನಸ್ಸಾಗುವುದು ಕೋಣೆಯನ್ನು ತೊಳೆಯಲು. ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ, ಬೀಗ ಹಾಕಿ, ತೊಳೆಯುವ ಮೊದಲೇ ನೆಲ, ಕಿಟಕಿ ಹಲಗೆ, ತೋಡುಗಳ ಧೂಳಿನ ಮಾದರಿ ತೆಗೆಯಿರಿ. ಒಮ್ಮೆ ತೊಳೆದುಬಿಟ್ಟರೆ ಸೀಸ ಎಲ್ಲಿಂದ ಬರುತ್ತಿತ್ತು ಎಂಬ ಗುರುತೂ ನೀರಿನ ಜೊತೆ ಹೋಗುತ್ತದೆ, ಕೆಲವು ವಾರಗಳಲ್ಲಿ ಅದೇ ಕಿಟಕಿಯಿಂದ ಅದೇ ನೆಲಕ್ಕೆ ಮತ್ತೆ ಬೀಳುತ್ತದೆ.